ಟೆಸ್ಟರ್ ಬೆಳಗಿದರೆ ಸಾಲದು: ಮನೆಯ ವಿದ್ಯುತ್ ತಪಾಸಣೆಗೆ ಬೇಕಾದ ಅರ್ಹತೆ ಮತ್ತು ನಿಯಮಜ್ಞಾನ

ಮನೆಯ ವೈರಿಂಗ್ ನೋಡಲು ಬಂದವರು ನಾಲ್ಕಾರು ಸಾಕೆಟ್‌ಗಳಿಗೆ ಟೆಸ್ಟರ್ ಚುಚ್ಚಿ, ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚಿನ) ಟೆಸ್ಟ್ ಬಟನ್ ಒಮ್ಮೆ ಒತ್ತಿ, ಅದು ಟ್ರಿಪ್ ಆದದ್ದನ್ನು ತೋರಿಸಿ, ‘ಅರ್ಥಿಂಗ್ ಚೆನ್ನಾಗಿದೆ, ಭಯವೇನಿಲ್ಲ’ ಎಂದು ಹೇಳಿ ಹೊರಡುವುದು ನಮ್ಮಲ್ಲಿ ಸಾಮಾನ್ಯ. ಹೇಳಿದವರಲ್ಲಿ ಮೋಸದ ಉದ್ದೇಶ ಇರಲಾರದು. ಆದರೆ ಅವರ ಮಾತು ತಪ್ಪು. ಟೆಸ್ಟ್ ಬಟನ್ ಒತ್ತಿದಾಗ ಆರ್‌ಸಿಸಿಬಿಯ ಒಳಗಿರುವ ಒಂದು ಪುಟ್ಟ ರೆಸಿಸ್ಟರ್ ಮೂಲಕ ಸ್ವಲ್ಪ ಕರೆಂಟು ಫೇಸ್‌ನಿಂದ ನ್ಯೂಟ್ರಲ್‌ಗೆ ಅಡ್ಡದಾರಿಯಲ್ಲಿ ಹರಿಯುತ್ತದೆ, ಹೋದದ್ದಕ್ಕೂ ಮರಳಿ ಬಂದದ್ದಕ್ಕೂ ವ್ಯತ್ಯಾಸ ಕಂಡ ಸಾಧನ ಸ್ವಿಚ್ಚನ್ನು ಕಳಚುತ್ತದೆ. ಈ ಇಡೀ ಕ್ರಿಯೆಯಲ್ಲಿ ಮನೆಯ ಅರ್ಥ್ ತಂತಿಗೆ ಯಾವ ಪಾತ್ರವೂ ಇಲ್ಲ. ಅರ್ಥಿಂಗ್ ಗುಂಡಿಯನ್ನೇ ತೋಡದ ಮನೆಯಲ್ಲೂ ಟೆಸ್ಟ್ ಬಟನ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಬಟನ್ ಒತ್ತಿ ಅರ್ಥಿಂಗ್ ಬಗ್ಗೆ ತೀರ್ಪು ಕೊಟ್ಟವರು ಸಾಧನವನ್ನು ಬಳಸಲು ಬಲ್ಲರೇ ಹೊರತು ಅದು ಏನನ್ನು ಹೇಳುತ್ತಿದೆ ಎಂಬುದನ್ನು ಬಲ್ಲವರಲ್ಲ.

ವೈರಿಂಗ್ ಮಾಡುವುದು ಒಂದು ಕೌಶಲ, ವೈರಿಂಗನ್ನು ತಪಾಸಣೆ ಮಾಡುವುದು ಇನ್ನೊಂದು. ಹೊಸ ವೈರಿಂಗ್ ಮಾಡುವವರಿಗೆ ತಾವು ಎಳೆದ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಗೊತ್ತಿರುತ್ತದೆ. ತಪಾಸಣೆಗೆ ಬಂದವರ ಮುಂದಿರುವುದು ಬೇರೆ ಯಾರೋ ಯಾವುದೋ ಕಾಲದಲ್ಲಿ ಮಾಡಿ, ಮತ್ತೆ ಮೂರು ಜನ ತಿದ್ದಿ, ಮೇಲೆ ಗಾರೆ ಬಳಿದು ಮುಚ್ಚಿದ ವ್ಯವಸ್ಥೆ. ಗೋಡೆ ಒಡೆಯದೆ, ಅಳತೆಗಳ ಮೂಲಕವೇ ಅದರ ಒಳಗನ್ನು ಓದಬೇಕು. ಓದಿದ್ದು ಅಪಾಯವೋ ಅಲ್ಲವೋ ಎಂದು ನಿರ್ಧರಿಸಲು ನಿಯಮ ಗೊತ್ತಿರಬೇಕು. ಇವೆರಡರಲ್ಲಿ ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ತಪಾಸಣೆ ಎಂಬ ಹೆಸರಿಗೆ ಬೆಲೆಯಿಲ್ಲ.

ಕಾನೂನು ಏನು ಹೇಳುತ್ತದೆ

ನಮ್ಮಲ್ಲಿ ನಿಯಮಗಳು ಮೂರು ಪದರಗಳಲ್ಲಿವೆ. ಎಲ್ಲಕ್ಕೂ ಮೇಲಿರುವುದು 2003ರ ವಿದ್ಯುತ್ ಕಾಯ್ದೆ. ಅದರ 53ನೇ ಸೆಕ್ಷನ್ ಜನರ ರಕ್ಷಣೆಗಾಗಿ ಸುರಕ್ಷತಾ ಕ್ರಮಗಳನ್ನು ರೂಪಿಸುವ ಅಧಿಕಾರವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೆ ಕೊಡುತ್ತದೆ. 162ನೇ ಸೆಕ್ಷನ್ ಮುಖ್ಯ ವಿದ್ಯುತ್ ಪರಿವೀಕ್ಷಕರ ಮತ್ತು ವಿದ್ಯುತ್ ಪರಿವೀಕ್ಷಕರ ನೇಮಕಕ್ಕೆ ಸಂಬಂಧಿಸಿದ್ದು. ಎರಡನೆಯದು ಪ್ರಾಧಿಕಾರ ಹೊರಡಿಸುವ ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆಯ ನಿಯಮಾವಳಿ. ಬಹುಕಾಲ ಚಾಲ್ತಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳ ಜಾಗಕ್ಕೆ 2010ರ ನಿಯಮಾವಳಿ ಬಂತು. ಅದರ ಜಾಗಕ್ಕೆ 2023ರದ್ದು ಬಂದಿದೆ. ಈಗಲೂ ಆ 1956ರ ನಿಯಮಗಳನ್ನೇ ಹಿಡಿದು ‘ಐಇ ರೂಲ್ಸ್ ಪ್ರಕಾರ’ ಎಂದು ಮಾತು ಶುರುಮಾಡುವ ಹಿರಿಯ ಕೆಲಸಗಾರರು ಇದ್ದಾರೆ. ಅವರ ಅನುಭವಕ್ಕೆ ಗೌರವ ಕೊಡಬೇಕು, ಆದರೆ ವರದಿಗೆ ಆಧಾರವಾಗಬೇಕಾದದ್ದು ಇಂದಿನ ನಿಯಮಾವಳಿಯೇ. ಮೂರನೆಯ ಪದರ ಭಾರತೀಯ ಮಾನಕ ಸಂಸ್ಥೆಯ ಮಾನಕಗಳು: ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043, ಪ್ಲಗ್ಗು ಮತ್ತು ಸಾಕೆಟ್‌ಗಳಿಗೆ ಐಎಸ್ 1293, ಪಿವಿಸಿ ಹೊದಿಕೆಯ ತಂತಿಗಳಿಗೆ ಐಎಸ್ 694, ಆರ್‌ಸಿಸಿಬಿಗೆ ಐಎಸ್ 12640. ಇವುಗಳ ಸಾರವನ್ನು ಒಂದೆಡೆ ತರುವ ರಾಷ್ಟ್ರೀಯ ವಿದ್ಯುತ್ ಸಂಹಿತೆಯೂ 2011ರ ನಂತರ 2023ರಲ್ಲಿ ಪರಿಷ್ಕೃತವಾಗಿದೆ.

ಪದರಗಳ ಈ ವ್ಯತ್ಯಾಸ ತಪಾಸಣೆಯ ಮಾತಿಗೆ ಮುಖ್ಯ. ‘ಇದು ನಿಯಮಬಾಹಿರ’ ಎಂದಾಗ ಅದು ಕಾಯ್ದೆಯಡಿಯ ನಿಯಮಾವಳಿಗೆ ವಿರುದ್ಧವೋ, ಮಾನಕದ ಶಿಫಾರಸಿಗೆ ಹೊಂದುತ್ತಿಲ್ಲವೋ, ಅಥವಾ ಹೇಳಿದವರಿಗೆ ಅಭ್ಯಾಸವಾದ ಪದ್ಧತಿಗಿಂತ ಬೇರೆಯೋ ಎಂಬುದನ್ನು ಅವರೇ ಬಿಡಿಸಿ ಹೇಳಬಲ್ಲವರಾಗಿರಬೇಕು. ಮೂರನೆಯದನ್ನು ಮೊದಲನೆಯದೆಂದು ಹೇಳಿ ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸಿದ ಪ್ರಸಂಗಗಳೇನೂ ಅಪರೂಪವಲ್ಲ.

ಯಾರು ಕೆಲಸ ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ 1956ರ ನಿಯಮಗಳಿಂದ ಇಂದಿನವರೆಗೂ ಸ್ಥೂಲವಾಗಿ ಒಂದೇ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಯೋಗಿ ಉಪಕರಣಗಳನ್ನು ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಬದಲಿಸುವುದಕ್ಕೆ ಅನುಮತಿ ಬೇಡ. ಅದರಾಚೆಗಿನ ಯಾವುದೇ ಹೊಸ ಕೆಲಸ, ಸೇರ್ಪಡೆ, ಮಾರ್ಪಾಡು, ದುರಸ್ತಿ ಮೂರು ಅರ್ಹತೆಗಳಡಿಯಲ್ಲಿ ನಡೆಯಬೇಕು: ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಕೆಲಸ ವಹಿಸಿಕೊಳ್ಳಬೇಕು, ಸಾಮರ್ಥ್ಯ ಪ್ರಮಾಣಪತ್ರ ಪಡೆದ ಸೂಪರ್‌ವೈಸರ್ ನೇರವಾಗಿ ಮೇಲ್ವಿಚಾರಣೆ ಮಾಡಬೇಕು, ಪರ್ಮಿಟ್ ಪಡೆದ ವೈರ್‌ಮನ್ ಕೈಯಿಂದ ಕೆಲಸವಾಗಬೇಕು. ಹೊಸ ಸಂಪರ್ಕಕ್ಕೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮುಂತಾದ ಕಂಪನಿಗಳಿಗೆ ಅರ್ಜಿ ಹಾಕುವಾಗ ಗುತ್ತಿಗೆದಾರರ ಸಹಿಯಿರುವ ಪೂರ್ಣತಾ ವರದಿ ಕೊಡಬೇಕಾಗುವುದು ಇದೇ ಕಾರಣಕ್ಕೆ. ಆ ಸಹಿಯ ಅರ್ಥ ‘ನಾನು ಪರೀಕ್ಷಿಸಿದ್ದೇನೆ’ ಎಂದು. ಮನೆ ನೋಡದೆಯೇ ಸಹಿ ಸಿಗುವ ಕಡೆಗಳಲ್ಲಿ, ಆ ಮನೆಯ ಮೊದಲ ತಪಾಸಣೆಯೇ ನಡೆದಿಲ್ಲ ಎಂದು ತಿಳಿಯಬೇಕು.

ಸಂಪರ್ಕ ಸಿಕ್ಕ ಮೇಲೆ? ನಿಯತ ಕಾಲಕ್ಕೊಮ್ಮೆ, ಐದು ವರ್ಷ ಮೀರದಂತೆ, ಪರೀಕ್ಷೆ ನಡೆಯಬೇಕೆಂಬ ವಿಧಿ ಹಳೆಯ ನಿಯಮಗಳಲ್ಲಿಯೂ ಇತ್ತು. 2010ರ ನಿಯಮಾವಳಿಯು ಸರ್ಕಾರ ಅಧಿಸೂಚಿಸಿದ ವೋಲ್ಟೇಜ್‌ವರೆಗಿನ ಸಂಪರ್ಕಗಳಲ್ಲಿ ಈ ಹೊಣೆಯನ್ನು ಮಾಲೀಕರ ಸ್ವಯಂ ದೃಢೀಕರಣಕ್ಕೆ ಬಿಟ್ಟಿತು. 15 ಮೀಟರಿಗಿಂತ ಎತ್ತರದ ಬಹುಮಹಡಿ ಕಟ್ಟಡಗಳಿಗೆ ಪ್ರತ್ಯೇಕ ವಿಧಿಗಳಿವೆ, ಅಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಪಾತ್ರವಿದೆ. ಆದರೆ ಸಾಮಾನ್ಯ ಮನೆಯೊಂದಕ್ಕೆ ಸರ್ಕಾರದ ಪರಿವೀಕ್ಷಕರು ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಫ್ಲ್ಯಾಟಿನ ಒಳಗೆ ಮಾಲೀಕರು ಆಮೇಲೆ ಹಾಕಿಸಿಕೊಂಡ ಎಸಿ, ಇನ್ವರ್ಟರ್, ಮಾಡ್ಯುಲರ್ ಅಡುಗೆಮನೆಯ ಹೊಸ ಪಾಯಿಂಟುಗಳನ್ನು ಯಾರೂ ನೋಡುವುದಿಲ್ಲ. ಪರೀಕ್ಷೆ ಮಾಡಿಸುವ ಹೊಣೆ ಮನೆಯವರದು, ಪರೀಕ್ಷಿಸುವ ಜ್ಞಾನ ಮನೆಯವರಿಗಿಲ್ಲ. ಹೀಗಾಗಿ, ಕರೆಸುವ ವ್ಯಕ್ತಿ ಎಂಥವರು ಎಂಬುದರ ಮೇಲೆ ಎಲ್ಲವೂ ನಿಲ್ಲುತ್ತದೆ. ಮೇಲೆ ಹೇಳಿದ ಪರ್ಮಿಟ್ಟು, ಪ್ರಮಾಣಪತ್ರ, ಪರವಾನಗಿಗಳು ಕೆಲಸ ಮಾಡುವ ಹಕ್ಕನ್ನು ಖಚಿತಪಡಿಸುತ್ತವೆ. ಅವನ್ನು ಕೇಳಲೇಬೇಕು. ಆದರೆ ಹಳೆಯ ಮನೆಯೊಂದನ್ನು ಅಳೆದು ಓದುವ ಸಾಮರ್ಥ್ಯ ಇದೆಯೆಂದು ಅವುಗಳಿಂದಲೇ ತೀರ್ಮಾನಿಸಲಾಗದು.

ಅರ್ಥಿಂಗ್ ಲೆಕ್ಕ

ಆ ಸಾಮರ್ಥ್ಯ ಎಂದರೇನು ಎಂಬುದು ಅರ್ಥಿಂಗ್ ವಿಷಯದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ.

ಬಚ್ಚಲಮನೆಯ ಗೀಸರ್‌ನಲ್ಲಿ ಹೀಟಿಂಗ್ ಕಾಯಿಲ್ ತೂತಾಗಿ, ಫೇಸ್ ನೇರವಾಗಿ ಲೋಹದ ಮೈಗೆ ತಾಗಿದೆ ಎಂದುಕೊಳ್ಳಿ. ಗೀಸರ್‌ಗೆ 16 ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಇದೆ. ಮನೆಗೆ ತನ್ನದೇ ಅರ್ಥಿಂಗ್ ಗುಂಡಿಯಿದೆ, ಅದರ ರೋಧ 20 ಓಮ್. ಟ್ರಾನ್ಸ್‌ಫಾರ್ಮರ್ ಬಳಿಯ ಅರ್ಥಿಂಗ್ ರೋಧ 2 ಓಮ್ ಎಂದಿಟ್ಟುಕೊಳ್ಳೋಣ. ಸೋರಿದ ಕರೆಂಟು ಗೀಸರ್ ಮೈಯಿಂದ ಅರ್ಥ್ ತಂತಿಗೆ, ಅಲ್ಲಿಂದ ಗುಂಡಿಗೆ, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ ಮರಳಬೇಕು. 230 ವೋಲ್ಟನ್ನು 22 ಓಮ್‌ನಿಂದ ಭಾಗಿಸಿದರೆ ಸುಮಾರು 10.5 ಆಂಪಿಯರ್. ಎಂಸಿಬಿಯ ಮಿತಿ 16. ಅದಕ್ಕೆ ಇದು ಇನ್ನೊಂದು ಸಾಧಾರಣ ಹೊರೆಯಂತೆ ಕಾಣುತ್ತದೆ. ಅದು ಎಂದೆಂದಿಗೂ ಟ್ರಿಪ್ ಆಗುವುದಿಲ್ಲ. ಗೀಸರ್‌ನ ಮೈಮೇಲೆ ಆಗ ನಿಲ್ಲುವ ವೋಲ್ಟೇಜು 10.5 ಗುಣಿಸು 20, ಅಂದರೆ 210ರ ಆಸುಪಾಸು. ‘ಅರ್ಥಿಂಗ್ ಇರುವ’ ಮನೆಯಲ್ಲಿ ನಲ್ಲಿಯ ನೀರು ಶಾಕ್ ಹೊಡೆಯುವುದು ಹೀಗೆ. ಗೀಸರ್ ಹಾಕಿದಾಗಲೆಲ್ಲ ಮೀಟರ್ ಓಡುವುದರಿಂದ ಮನೆಯವರು ಅನೇಕ ವೇಳೆ ಮೊದಲು ಗಮನಿಸುವುದು ಏರಿದ ಬಿಲ್ಲನ್ನು.

ಗುಂಡಿಯನ್ನು ಉಪ್ಪು, ಇದ್ದಿಲು ಹಾಕಿ, ನೀರು ಹೊಯ್ದು, 5 ಓಮ್‌ಗೆ ಇಳಿಸಿದರೆ? 230ನ್ನು 7ರಿಂದ ಭಾಗಿಸಿದರೆ 33 ಆಂಪಿಯರ್. ಮನೆಗಳಲ್ಲಿ ಬಳಸುವ ಸಿ ಬಗೆಯ 16 ಆಂಪಿಯರ್ ಎಂಸಿಬಿ ತಕ್ಷಣ ಟ್ರಿಪ್ ಆಗಲು ಅದರ ಹತ್ತು ಪಟ್ಟು, ಅಂದರೆ 160 ಆಂಪಿಯರ್‌ವರೆಗೆ ಬೇಕಾಗಬಹುದು. ಬಿ ಬಗೆಯದಕ್ಕೆ ಐದು ಪಟ್ಟು, 80 ಆಂಪಿಯರ್‌ವರೆಗೆ. 33 ಆಂಪಿಯರ್‌ನಲ್ಲಿ ಅದು ಒಳಗಿನ ಪಟ್ಟಿ ಬಿಸಿಯಾಗಿ ಬಾಗುವವರೆಗೆ ಹತ್ತಾರು ಸೆಕೆಂಡು ಕಾಯುತ್ತದೆ. ಮುಟ್ಟಿದವರ ಹೃದಯ ಅಷ್ಟು ಕಾಯುವುದಿಲ್ಲ. 160 ಆಂಪಿಯರ್ ಹರಿಯಬೇಕಾದರೆ ಇಡೀ ದಾರಿಯ ರೋಧ 1.44 ಓಮ್ ಒಳಗಿರಬೇಕು. ಮಣ್ಣಿನ ಮೂಲಕ ಮರಳುವ ದಾರಿಯಲ್ಲಿ ಅದನ್ನು ಸಾಧಿಸುವುದು ಕಷ್ಟ, ಸಾಧಿಸಿದರೂ ಬೇಸಿಗೆಯವರೆಗೆ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಬಯಲುಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದು ಒಳ್ಳೆಯ ಅಳತೆ ಕೊಡುತ್ತದೆ, ಏಪ್ರಿಲ್ ಹೊತ್ತಿಗೆ ಬಿರುಕುಬಿಟ್ಟು ಕಂಬಿಯಿಂದ ದೂರ ಸರಿಯುತ್ತದೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ, ಬೆಂಗಳೂರಿನ ಬಂಡೆಯ ಮೇಲಿನ ತೆಳುಮಣ್ಣಿನಲ್ಲಿ, ಗುಂಡಿ ತೋಡಿದ ದಿನವೇ ಅಳತೆ ಚೆನ್ನಾಗಿ ಬರುವುದು ಅನುಮಾನ. ಅಳೆದ ತಿಂಗಳನ್ನು ಬರೆಯದೆ ಬರೀ ಓಮ್ ಬರೆದ ವರದಿ ಅರ್ಧ ವರದಿ.

ಈಗ ಅದೇ ಗೀಸರ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆ ಎಂದುಕೊಳ್ಳಿ. 20 ಓಮ್ ಗುಂಡಿಯ ಮೂಲಕ 30 ಮಿಲಿಆಂಪಿಯರ್ ಸೋರುವಾಗ ಗೀಸರ್ ಮೈಮೇಲಿನ ವೋಲ್ಟೇಜು ಅರ್ಧ ವೋಲ್ಟಿಗಿಂತ ತುಸು ಹೆಚ್ಚು, ಅಷ್ಟೆ. ಆ ಮಟ್ಟ ದಾಟಿದೊಡನೆ, ಯಾರೂ ಮುಟ್ಟುವ ಮೊದಲೇ, ಕರೆಂಟು ಕಡಿದುಹೋಗುತ್ತದೆ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಒದ್ದೆ ಮೈಯ ರೋಧ ಸಾವಿರ ಓಮ್ ಎಂದಿಟ್ಟುಕೊಂಡರೆ ದೇಹದ ಮೂಲಕ ಹರಿಯುವುದು 230 ಮಿಲಿಆಂಪಿಯರ್, ಹಿಂದಿನ ಕಾಲದ 60 ವ್ಯಾಟ್ ಬಲ್ಬು ಎಳೆಯುತ್ತಿದ್ದುದಕ್ಕಿಂತ ಕಡಿಮೆ. ಕೊಲ್ಲಲು ಧಾರಾಳವಾಗಿ ಸಾಕು, ಆದರೆ 16 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಬಾರದು. ಗೃಹಬಳಕೆಯ ಸಂಪರ್ಕಗಳಿಗೆ 30 ಮಿಲಿಆಂಪಿಯರ್ ಮಿತಿಯನ್ನು ನಿಯಮಾವಳಿ ಹೆಸರಿಸಿ ಹೇಳುವುದು ಈ ಲೆಕ್ಕದ ಮೇಲೆಯೇ. 100 ಅಥವಾ 300 ಮಿಲಿಆಂಪಿಯರ್‌ನ ಸಾಧನವನ್ನು ಮನೆಗೆ ಹಾಕಿ ‘ಆರ್‌ಸಿಸಿಬಿ ಇದೆ’ ಎಂದು ಬರೆದವರು ಅಕ್ಷರವನ್ನೂ ಓದಿಲ್ಲ, ಅದರ ಹಿಂದಿನ ಕಾರಣವನ್ನೂ ಅರಿತಿಲ್ಲ.

ಅರ್ಥಿಂಗ್ ಬಗ್ಗೆ ಇನ್ನೊಂದು ಮಾತು. ಪೂರೈಕೆದಾರರು ಗ್ರಾಹಕರ ಸ್ಥಳದಲ್ಲಿ ಅರ್ಥ್ ಟರ್ಮಿನಲ್ ಒದಗಿಸಬೇಕೆಂಬ ವಿಧಿ ಹಳೆಯ ನಿಯಮಗಳ ಕಾಲದಿಂದಲೂ ಇದೆ. ರೂಢಿಯಲ್ಲಿ ಮಾತ್ರ ಪ್ರತಿ ಮನೆಯೂ ತನ್ನ ಗುಂಡಿಯನ್ನೇ ನೆಚ್ಚಿಕೊಂಡಿದೆ. ಹಳೆಯ ಮನೆಗಳಲ್ಲಿ ಕಬ್ಬಿಣದ ನೀರಿನ ಕೊಳವೆಗೇ ಅರ್ಥ್ ತಂತಿ ಸುತ್ತಿದ್ದುಂಟು. ಕೊಳವೆ ಪ್ಲಾಸ್ಟಿಕ್ಕಿಗೆ ಬದಲಾದ ದಿನ ಆ ಅರ್ಥಿಂಗ್ ಸದ್ದಿಲ್ಲದೆ ಸತ್ತಿದೆ, ತಂತಿ ಮಾತ್ರ ಈಗಲೂ ಗೋಡೆಯ ಮೇಲೆ ಹಸಿರಾಗಿ ಕಾಣುತ್ತಿದೆ. ಆದ್ದರಿಂದ ತಪಾಸಣೆಯಲ್ಲಿ ಅಳೆಯಬೇಕಾದದ್ದು ಗುಂಡಿಯೊಂದನ್ನೇ ಅಲ್ಲ. ಪ್ರತಿ ಸಾಕೆಟ್‌ನ ಮೂರನೆಯ ಕಂಡಿಯಿಂದ ಆ ಗುಂಡಿಯವರೆಗೆ ತಂತಿ ಎಲ್ಲೂ ತುಂಡಾಗದೆ ಸಾಗಿದೆಯೇ ಎಂಬುದನ್ನು.

ಸಲಕರಣೆಗೆ ಕಾಣದ ತಪ್ಪುಗಳು

ಮೂರು ದೀಪದ ಪ್ಲಗ್ ಟೆಸ್ಟರ್ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಒಳ್ಳೆಯ ಸಾಧನವೇ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದನ್ನು, ಅರ್ಥ್ ಇಲ್ಲದಿರುವುದನ್ನು ಅದು ತೋರಿಸುತ್ತದೆ. ಆದರೆ ಅರ್ಥ್ ತಂತಿಯೇ ಇಲ್ಲದ ಹಳೆಯ ಬೋರ್ಡಿನಲ್ಲಿ ಯಾರಾದರೂ ಸಾಕೆಟ್‌ನ ಹಿಂಬದಿಯಲ್ಲಿ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಕಟ್ಟಿಬಿಟ್ಟಿದ್ದರೆ, ಆ ಟೆಸ್ಟರ್ ‘ಎಲ್ಲ ಸರಿ’ ಎಂದೇ ಹೇಳುತ್ತದೆ. ಎಲ್ಲೋ ಹಿಂದೆ ನ್ಯೂಟ್ರಲ್ ಕಡಿದುಹೋದ ಗಳಿಗೆಯಲ್ಲಿ ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಇದು ಅರ್ಥ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಇದನ್ನು ಹಿಡಿಯಬೇಕಾದರೆ ಬೋರ್ಡು ಬಿಚ್ಚಿ ನೋಡಬೇಕು, ಇಲ್ಲವೆ ಮೇನ್ ಆಫ್ ಮಾಡಿ, ನ್ಯೂಟ್ರಲ್ಲನ್ನು ಬಿಡಿಸಿ, ಅದಕ್ಕೂ ಅರ್ಥ್‌ಗೂ ನಡುವೆ ಅಳೆಯಬೇಕು.

ಇನ್ವರ್ಟರ್ ಇರುವ ಮನೆಗಳ ತೊಂದರೆ ಬೇರೆ. ಕರೆಂಟು ಹೋದಾಗ ಉರಿಯಬೇಕಾದ ದೀಪಗಳ ಫೇಸನ್ನು ಮಾತ್ರ ಇನ್ವರ್ಟರ್‌ಗೆ ತಿರುಗಿಸಿ, ನ್ಯೂಟ್ರಲ್ಲನ್ನು ಮನೆಯ ಉಳಿದ ನ್ಯೂಟ್ರಲ್‌ಗಳ ಜೊತೆಯಲ್ಲೇ ಬಿಟ್ಟರೆ, ಆರ್‌ಸಿಸಿಬಿಯ ಮೂಲಕ ಹೋದ ಕರೆಂಟು ಬೇರೆ ದಾರಿಯಲ್ಲಿ ಮರಳುತ್ತದೆ. ಆರ್‌ಸಿಸಿಬಿ ಅದನ್ನು ಸೋರಿಕೆಯೆಂದೇ ಓದಿ ಪದೇಪದೇ ಟ್ರಿಪ್ ಆಗುತ್ತದೆ. ಇಂಥಲ್ಲಿ ಸಾಧನ ಕೆಟ್ಟಿದೆ ಎಂದು ತೆಗೆದುಹಾಕಿ ನೇರವಾಗಿ ತಂತಿ ಜೋಡಿಸಿ ಹೋಗುವವರಿಂದ ಆಗುವ ಹಾನಿ ದೊಡ್ಡದು. ನಾನು ಕಂಡಂತೆ ನಗರಗಳ ಮನೆಗಳಲ್ಲಿ ಆರ್‌ಸಿಸಿಬಿ ಕಳೆದುಕೊಳ್ಳುವ ಮುಖ್ಯ ಕಾರಣಗಳಲ್ಲಿ ಇದೊಂದು. ಬಲ್ಲವರು ನ್ಯೂಟ್ರಲ್‌ಗಳನ್ನು ಬೇರ್ಪಡಿಸುತ್ತಾರೆ, ಇನ್ವರ್ಟರ್‌ನಿಂದ ನಡೆಯುವ ದೀಪ ಮತ್ತು ಸಾಕೆಟ್‌ಗಳಿಗೂ ಸೋರಿಕೆಯ ರಕ್ಷಣೆ ಸಿಗುವಂತೆ ಪ್ರತ್ಯೇಕ ಸಾಧನ ಕೂರಿಸುತ್ತಾರೆ. ಟ್ರಿಪ್ ಆಗುವ ಸಾಧನ ಏನನ್ನೋ ಹೇಳುತ್ತಿದೆ ಎಂದು ನಂಬಿ ಹುಡುಕುವ ತಾಳ್ಮೆಯೇ ತಪಾಸಣೆಯ ಮೊದಲ ಗುಣ.

ಅದೇ ತಾಳ್ಮೆ ಎಂಸಿಬಿಗೂ ಸಲ್ಲಬೇಕು. 6 ಆಂಪಿಯರ್ ಪಾಯಿಂಟಿಗೆಂದು ಎಳೆದ ತೆಳ್ಳನೆಯ ತಂತಿಗೆ 2 ಕಿಲೋವ್ಯಾಟ್‌ನ ಇಂಡಕ್ಷನ್ ಒಲೆ ಸೇರಿಸಿ, ಅದು ಎಳೆಯುವ ಎಂಟೂಮುಕ್ಕಾಲು ಆಂಪಿಯರ್ ತಾಳಲಾರದೆ ಎಂಸಿಬಿ ಬೀಳುತ್ತಿದ್ದರೆ, ಅದನ್ನು ತೆಗೆದು 32 ಆಂಪಿಯರ್‌ನದನ್ನು ಕೂರಿಸುವುದು ಸುಲಭ. ಆಮೇಲೆ ಬಿಸಿಯಾಗುವುದು ಗೋಡೆಯೊಳಗಿನ ತಂತಿ. ತಪಾಸಣೆಯಲ್ಲಿ ಪ್ರತಿ ಎಂಸಿಬಿಯ ಅಂಕಿಯನ್ನು ಅದರ ಹಿಂದಿರುವ ತಂತಿಯ ದಪ್ಪದೊಡನೆ ಹೋಲಿಸಿ ನೋಡುವುದು ಇದಕ್ಕೇ.

ಅಳತೆಗಳಿಗೆ ಒಂದು ಕ್ರಮವೂ ಇದೆ. ಮೊದಲು ಕಣ್ಣಿನ ತಪಾಸಣೆ, ನಂತರ ಕರೆಂಟು ಕಡಿದು ಮಾಡುವ ಪರೀಕ್ಷೆಗಳು, ಕೊನೆಗೆ ಕರೆಂಟು ಇರುವಾಗಿನವು. ಅರ್ಥ್ ತಂತಿ ತುಂಡಾಗಿದ್ದಾಗಲೇ ಕರೆಂಟು ಹರಿಸಿ ಪರೀಕ್ಷಿಸಿದರೆ ಪರೀಕ್ಷೆಯೇ ಯಾರಿಗಾದರೂ ಶಾಕ್ ಹೊಡೆಸಬಹುದು. ಕರೆಂಟು ಕಡಿದ ಮೇಲೆ ನಿಜಕ್ಕೂ ಹೋಗಿದೆಯೇ ಎಂದು ನೋಡುವ ಸಾಧನವನ್ನು ಮೊದಲು ಕರೆಂಟಿರುವ ಕಡೆ, ನಂತರ ಕಡಿದ ಕಡೆ, ಮತ್ತೆ ಕರೆಂಟಿರುವ ಕಡೆ ಹಿಡಿದು ನೋಡುವುದು ಬಲ್ಲವರ ಗುರುತು. ನಡುವೆ ಸಾಧನವೇ ಕೆಟ್ಟಿದ್ದರೆ ಗೊತ್ತಾಗಲಿ ಎಂದು. ನಿಯಾನ್ ದೀಪದ ಟೆಸ್ಟರ್ ಬೆಳಗಲಿಲ್ಲ ಎಂಬುದು ಕರೆಂಟಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ತಂತಿಯ ಹೊದಿಕೆಯ ಪರೀಕ್ಷೆಗೆ ಬಳಸುವುದು ಇನ್ಸುಲೇಷನ್ ಟೆಸ್ಟರ್, ರೂಢಿಯ ಹೆಸರು ಮೆಗ್ಗರ್. 500 ವೋಲ್ಟ್ ಡಿಸಿ ಒತ್ತಡವನ್ನು ಒಂದು ನಿಮಿಷ ಕೊಟ್ಟಾಗ ಫೇಸ್ ಅಥವಾ ನ್ಯೂಟ್ರಲ್‌ಗೂ ಭೂಮಿಗೂ ನಡುವಿನ ರೋಧ ಕನಿಷ್ಠ 1 ಮೆಗಾಓಮ್ ಇರಬೇಕೆಂದು ನಿಯಮಾವಳಿ ಹೇಳುತ್ತದೆ. ಚೆನ್ನಾಗಿರುವ ವೈರಿಂಗ್ ಇದರ ಹತ್ತಾರು ಪಟ್ಟು, ನೂರಾರು ಪಟ್ಟು ತೋರಿಸುತ್ತದೆ. 1.2 ಮೆಗಾಓಮ್ ಬಂದ ಮನೆ ನಿಯಮದ ಪ್ರಕಾರ ತೇರ್ಗಡೆ. ಆದರೆ ಅನುಭವಿಗಳು ಅಲ್ಲಿಗೆ ನಿಲ್ಲದೆ, ಒಂದೊಂದೇ ಸರ್ಕಿಟನ್ನು ಬಿಡಿಸಿ, ಕೆಳಗಿಳಿಸುತ್ತಿರುವುದು ಯಾವುದು ಎಂದು ಹುಡುಕುತ್ತಾರೆ. ಇದೇ ಪರೀಕ್ಷೆಯನ್ನು ಅರಿವಿಲ್ಲದೆ ಮಾಡಿದರೆ 500 ವೋಲ್ಟ್ ಒತ್ತಡಕ್ಕೆ ಮನೆಯ ಎಲ್‌ಇಡಿ ದೀಪಗಳು, ಮಾಡೆಮ್ಮು ಸುಟ್ಟುಹೋಗಬಹುದು. ಆದ್ದರಿಂದಲೇ ಉಪಕರಣಗಳನ್ನು ಬಿಡಿಸಿಡುವುದು. ಬಿಡಿಸಲಾಗದ ಕಡೆ ಫೇಸ್ ಮತ್ತು ನ್ಯೂಟ್ರಲ್ಲನ್ನು ಕೂಡಿಸಿ ಅವೆರಡಕ್ಕೂ ಭೂಮಿಗೂ ನಡುವೆ ಮಾತ್ರ ಅಳೆಯುವುದು.

ಆರ್‌ಸಿಸಿಬಿಗೂ ಬಟನ್‌ನಾಚೆಯ ಪರೀಕ್ಷೆಯಿದೆ. ಅದಕ್ಕಾಗಿಯೇ ಇರುವ ಮೀಟರ್ ಹದಿನೈದು ಮಿಲಿಆಂಪಿಯರ್ ಸೋರಿಸಿದಾಗ 30ರ ಸಾಧನ ಬೀಳಬಾರದು. 30 ಸೋರಿಸಿದಾಗ 300 ಮಿಲಿಸೆಕೆಂಡಿನೊಳಗೆ, 150 ಸೋರಿಸಿದಾಗ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ವರ್ಷಗಟ್ಟಲೆ ಅಲುಗಾಡದೆ ಕುಳಿತ ಸಾಧನ ನಿಧಾನವಾಗಿರಬಹುದು. ಮನೆಯವರು ಬಟನ್ ಒತ್ತುತ್ತಿರುವುದು ಸಾಧನದ ಕೀಲುಗಳು ಜಡ್ಡುಗಟ್ಟದಿರಲು ಒಳ್ಳೆಯದು, ಬಿಡಬಾರದು.

ಹಳತೆಲ್ಲ ಅಪಾಯವಲ್ಲ

ಅರಿವಿನ ಕೊರತೆ ಎರಡು ಬಗೆಯಲ್ಲಿ ಹಾನಿ ಮಾಡುತ್ತದೆ. ಇರುವ ಅಪಾಯ ಕಾಣದೆ ಹೋಗುವುದು ಒಂದು, ಇಲ್ಲದ ಅಪಾಯವನ್ನು ಕಾಣುವುದು ಇನ್ನೊಂದು. ಮೂವತ್ತು ವರ್ಷದ ಹಿಂದಿನ ಮನೆ ಅಂದಿನ ಮಾನಕದಂತೆ ಕಟ್ಟಿದ್ದು. ಇಂದಿನ ಮಾನಕಕ್ಕೆ ಅದು ಹೊಂದದಿರುವುದು ಸಹಜ. ಮರದ ಪಟ್ಟಿಯೊಳಗೆ ಎಳೆದ ತಂತಿ ಒಣಗಿದ್ದು, ಹೊದಿಕೆ ಗಟ್ಟಿಯಾಗಿದ್ದು, ಅಳತೆ ಚೆನ್ನಾಗಿ ಬರುತ್ತಿದ್ದರೆ ನೋಟಕ್ಕೆ ಹಳೆಯದೆಂಬ ಕಾರಣಕ್ಕೆ ಅದನ್ನು ಕಿತ್ತೆಸೆಯಬೇಕಿಲ್ಲ. ಅದೇ ಮನೆಯ ಬಚ್ಚಲಿಗೆ ಸೋರಿಕೆಯ ರಕ್ಷಣೆ ಇಲ್ಲದಿದ್ದರೆ ಅದು ಇಂದೇ ಆಗಬೇಕಾದ ಕೆಲಸ. ನ್ಯೂಟ್ರಲ್‌ನಲ್ಲಿ ಒಂಟಿ ಸ್ವಿಚ್ಚು ಅಥವಾ ಫ್ಯೂಸು ಇರುವುದು ಕಣ್ಣಿಗೆ ಚಿಕ್ಕದಾಗಿ ಕಂಡರೂ ಗಂಭೀರ ತಪ್ಪು, ಏಕೆಂದರೆ ದೀಪ ಆರಿದರೂ ಹೋಲ್ಡರಿನಲ್ಲಿ ಫೇಸ್ ಉಳಿದೇ ಇರುತ್ತದೆ.

ಈ ವಿವೇಚನೆಗೆ ಇಂಗ್ಲೆಂಡಿನಲ್ಲಿ ಒಂದು ಸ್ಪಷ್ಟ ಚೌಕಟ್ಟು ಕಟ್ಟಿದ್ದಾರೆ, ಅಲ್ಲಿ ಬಾಡಿಗೆಗಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. 2020ರ ಅಲ್ಲಿನ ನಿಯಮಗಳ ಪ್ರಕಾರ ಖಾಸಗಿ ಬಾಡಿಗೆ ಮನೆಯ ವೈರಿಂಗನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕು, ಹೊಸ ಬಾಡಿಗೆದಾರರಿಗೆ ಅವರು ಒಳಗೆ ಬರುವ ಮೊದಲೇ ವರದಿಯ ಪ್ರತಿ ಕೊಡಬೇಕು. ವರದಿಯಲ್ಲಿ ಪ್ರತಿ ದೋಷಕ್ಕೂ ಒಂದು ಗುರುತು: ಸಿ1 ಎಂದರೆ ಈಗಲೇ ಅಪಾಯವಿದೆ, ಸಿ2 ಎಂದರೆ ಅಪಾಯವಾಗಬಲ್ಲದು, ಸಿ3 ಎಂದರೆ ಸುಧಾರಿಸಿದರೆ ಒಳ್ಳೆಯದು, ಎಫ್‌ಐ ಎಂದರೆ ಇನ್ನಷ್ಟು ತನಿಖೆ ಬೇಕು. ಸಿ3 ಒಂದನ್ನು ಬಿಟ್ಟು ಉಳಿದವುಗಳಿಗೆ 28 ದಿನದೊಳಗೆ, ವರದಿಯಲ್ಲಿ ಇನ್ನೂ ಕಡಿಮೆ ಅವಧಿ ಹೇಳಿದ್ದರೆ ಅಷ್ಟರೊಳಗೆ, ಕ್ರಮ ಆಗಬೇಕು. ಅಲ್ಲಿಯೂ ಸಿ3 ಆಗಬೇಕಾದದ್ದನ್ನು ಸಿ2 ಎಂದು ಬರೆಯುವುದರ ಬಗ್ಗೆ ವಾದಗಳು ನಡೆಯುತ್ತವೆ; ಆದರೆ ಗುರುತು ಇರುವುದರಿಂದ ವಾದ ಮಾಡಲಾದರೂ ಒಂದು ಹಿಡಿತವಿದೆ. ನಮ್ಮಲ್ಲಿ ‘ಸ್ವಲ್ಪ ಪ್ರಾಬ್ಲಂ ಇದೆ ಸಾರ್’ ಎಂಬ ಮಾತಿಗೆ ಅಂಥ ಹಿಡಿತ ಎಲ್ಲಿದೆ? ಅಂಥ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ತಪಾಸಣೆ ಮಾಡಿಸುವವರು ‘ಇದರಲ್ಲಿ ಇಂದೇ ಆಗಬೇಕಾದದ್ದು ಯಾವುದು, ಕಾಯಬಹುದಾದದ್ದು ಯಾವುದು, ಏಕೆ’ ಎಂದು ಬರವಣಿಗೆಯಲ್ಲಿ ಕೇಳಿದರೆ ಸಾಕು.

ಬರವಣಿಗೆಯ ವರದಿಯಲ್ಲಿ ಏನಿರಬೇಕು ಎಂಬುದು ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಯಾವ ಸರ್ಕಿಟ್ಟಿಗೆ ಯಾವ ಎಂಸಿಬಿ, ಯಾವ ತಂತಿ. ಇನ್ಸುಲೇಷನ್ ಎಷ್ಟು ಮೆಗಾಓಮ್. ಅರ್ಥಿಂಗ್ ಎಷ್ಟು ಓಮ್, ಯಾವ ತಿಂಗಳಲ್ಲಿ ಅಳೆದದ್ದು. ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು. ಯಾವ ಮೀಟರಿನಿಂದ ಅಳೆದರು, ಅದರ ಕ್ಯಾಲಿಬ್ರೇಷನ್ ಎಂದು ಆಗಿತ್ತು. ಇವುಗಳ ಜೊತೆಗೆ, ನೋಡಲು ಆಗದೆ ಉಳಿದ ಭಾಗಗಳ ಪಟ್ಟಿ: ಬೀಗ ಹಾಕಿದ್ದ ಕೋಣೆ, ಫಾಲ್ಸ್ ಸೀಲಿಂಗ್ ಮೇಲಿನ ತಂತಿ, ಕೈಗೆಟುಕದ ಜಂಕ್ಷನ್ ಬಾಕ್ಸು. ನೋಡದೆ ಬಿಟ್ಟದ್ದನ್ನು ಬರೆದುಕೊಡುವವರನ್ನು ನಾನು ಬೇಗ ನಂಬುತ್ತೇನೆ. ಐದು ವರ್ಷದ ನಂತರ ಬರುವವರಿಗೆ ಈ ಅಂಕಿಗಳೇ ಆಧಾರ. 80 ಮೆಗಾಓಮ್ ಇದ್ದದ್ದು 4ಕ್ಕೆ ಇಳಿದಿದೆ ಎಂದರೆ ಎರಡೂ ನಿಯಮದೊಳಗೇ ಇದ್ದರೂ ಗೋಡೆಯೊಳಗೆ ಏನೋ ಆಗುತ್ತಿದೆ ಎಂದರ್ಥ.

ಇಷ್ಟೆಲ್ಲ ಹೇಳುವಾಗ ಮನಸ್ಸಿನಲ್ಲಿ ಉಳಿಯುವುದು ಈ ವರದಿಯನ್ನು ಎಂದೂ ಕಾಣದ ಮನೆಗಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ 12,000ಕ್ಕೂ ಹೆಚ್ಚು ವಿದ್ಯುದಾಘಾತದ ಸಾವುಗಳನ್ನು ದಾಖಲಿಸುತ್ತಿದೆ. ಅವೆಲ್ಲವೂ ಮನೆಯೊಳಗಿನವಲ್ಲ, ಹೊಲದ ಪಂಪ್‌ಸೆಟ್ಟುಗಳೂ ಕಡಿದುಬಿದ್ದ ತಂತಿಗಳೂ ಅದರಲ್ಲಿ ಸೇರಿವೆ. ಆದರೆ ಸೋರಿಕೆಯ ರಕ್ಷಣೆ ಕಡ್ಡಾಯ ಎನ್ನುವ ನಿಯಮ ಸಣ್ಣ ಹೊರೆಯ ಸಂಪರ್ಕಗಳಿಗೆ ವಿನಾಯಿತಿ ಕೊಡುತ್ತದೆ. ಒಂದು ದೀಪಕ್ಕೆಂದು ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಯಲ್ಲಿ ಸಂಪರ್ಕ ಪಡೆದ ಮನೆಯಲ್ಲಿ ಇಂದು ಟಿವಿ, ಫ್ಯಾನು, ಮಿಕ್ಸಿ, ಬಕೆಟ್ಟಿನಲ್ಲಿ ಅದ್ದುವ ನೀರು ಕಾಯಿಸುವ ಕಾಯಿಲು ಸೇರಿವೆ. ಛಾವಣಿ ತಗಡಿನದು, ಬಟ್ಟೆ ಒಣಹಾಕುವ ತಂತಿ ಅದೇ ತಗಡಿಗೆ ಕಟ್ಟಿದ್ದು, ನೆಲ ಮಣ್ಣಿನದು, ಅರ್ಥಿಂಗ್ ಇಲ್ಲ. ಹೊರೆ ಕಡಿಮೆಯಿದ್ದರೆ ಅಪಾಯ ಕಡಿಮೆ ಎಂಬ ಊಹೆ ತಂತಿಯ ಬಿಸಿಯ ಮಟ್ಟಿಗೆ ನಿಜ, ಶಾಕ್‌ನ ಮಟ್ಟಿಗೆ ನಿಜವಲ್ಲ, ಏಕೆಂದರೆ ಕೊಲ್ಲುವುದು 30 ಮಿಲಿಆಂಪಿಯರ್‌ನಾಚೆಯ ಸೋರಿಕೆಯೇ ಹೊರತು ಮನೆಯ ಒಟ್ಟು ಕಿಲೋವ್ಯಾಟಲ್ಲ. ಆ ಮನೆಗಳ ಮೀಟರ್ ಬೋರ್ಡಿನಲ್ಲಿ ಒಂದು ಆರ್‌ಸಿಸಿಬಿಗೆ ಜಾಗವಿದೆ; ಅರ್ಥಿಂಗ್ ಇಲ್ಲದಿದ್ದರೂ ಅದು ಮನುಷ್ಯರ ಮೈಯಿಂದ ಹರಿದ ಸೋರಿಕೆಯನ್ನು ಗುರುತಿಸಿ ಕಡಿಯುತ್ತದೆ. ವಿನಾಯಿತಿಯ ಆ ಸಾಲನ್ನು ನಿಯಮಾವಳಿಯ ಮುಂದಿನ ಪರಿಷ್ಕರಣೆಯಲ್ಲಿ ಅಳಿಸಬೇಕು, ಅಲ್ಲಿಯವರೆಗೆ ಮೀಟರ್ ಬದಲಿಸುವ ಪ್ರತಿ ಸಂದರ್ಭದಲ್ಲೂ ಈ ಸಾಧನವನ್ನು ಜೊತೆಗೇ ಕೂರಿಸುವ ಏರ್ಪಾಡು ಆಗಬೇಕು.